ಮೆಟ್ಟಿಲು ಬಿಟ್ಟ ಲೆಕ್ಕ

ಬೆಳಿಗ್ಗೆ ಎಂಟೂವರೆಗೆ ವಿಜಯಪುರದಿಂದ ತಿಕೋಟಾ ಬಸ್ಸು ಹೊರಟಿತು. ಶಾಲೆಗೆ ಹೊರಟಿದ್ದ ವಿದ್ಯಾವತಿಯ ಮುಂದಿನ ಸೀಟಿನಲ್ಲಿ, ತಿಕೋಟಾ ಹತ್ತಿರದ ಘೋಣಸಗಿಯಲ್ಲಿ ಕಟ್ಟುತ್ತಿದ್ದ ಮನೆಯ ಕೆಲಸ ನೋಡಲು ಹೊರಟ ಇಬ್ಬರು ಎಂಜಿನಿಯರುಗಳು ಕುಳಿತಿದ್ದರು: ಹಿರಿಯ ಗುರುಪಾದಯ್ಯ, ಹೊಸದಾಗಿ ಕೆಲಸಕ್ಕೆ ಸೇರಿದ ಆಮ್ರಪಾಲಿ.

"ಸರ, ಘೋಣಸಗಿ ಮನಿ ಲೆಕ್ಕದಾಗ ತಪ್ಪ ಮಾಡೇನ್ರಿ. ಕಂಪ್ಯೂಟರ್ ಮಾಡೆಲ್‌ದಾಗ ಮೆಟ್ಟಲಾನ ಕೂಡಿಸಿಲ್ಲ. ಅದರ ಭಾರ ಅಷ್ಟ ತೊಲಿ ಮ್ಯಾಲ ಹೇರೇನಿ."

"ಸಾಫ್ಟ್‌ವೇರ್ ಬೈಲಿಲ್ಲೇನು?"

"ಎಲ್ಲಾ ಪಾಸ್ ಅಂತು."

"ಅಂತೈತಿ. ನಾವು ಹೇಳಲಾರದ್ದು ಅದಕ್ಕೇನು ಕನಸ ಬೀಳತೈತೇನು?"

"ಮುಂಜಾನೆ ಮೆಟ್ಟಲಾ ಓರೆ ಸ್ಲ್ಯಾಬ್ ಮಾಡಿ ಕೂಡಿಸಿ ಮತ್ತ ಲೆಕ್ಕಾ ಓಡಿಸಿದೆ. ಭೂಕಂಪ ಆದ್ರ ಅದು ಓರೆ ಕಂಬದಂಗ ಬಲಾ ಎಳಕೊಂತೈತ್ರಿ. ಬಾಜೂದ ಎರಡು ಕಾಲಮ್ ಫೇಲ್."

"ಕಾಲಮ್‌ಗೆ ಕಾಂಕ್ರೀಟ್ ಬಿದ್ದೈತೇನು?"

"ಇವತ್ತ ಹಾಕೂದ್ರಿ. ಮನಿ ಕಟ್ಟೂ ಹಣಮಂತ ಗೌಂಡಿ ಫೋನ್ ಎತ್ತವಲ್ಲ. ಹಾಕಿದ್ರ ಒಡಸಬೇಕ್ರಿ."

"ಏ ತಂಗಿ, ಇವತ್ತ ಅಮಾಸಿ. ಅಮಾಸಿ ದಿನಾ ಯಾವ ಗೌಂಡಿ ಕರಣಿ ಮುಟ್ಟತಾನ? ಮಲಗಿರ್ತಾನ."

ಅಷ್ಟರಲ್ಲಿ ಆಮ್ರಪಾಲಿಯ ಫೋನು ರಿಂಗಣಿಸಿತು. ಹಣಮಂತನ ದನಿ ಹಿಂದಿನ ಸೀಟಿಗೂ ಕೇಳಿಸಿತು.

"ಮೇಡಂರ, ಅಮಾಸಿ ಸೂಟಿ ಅಲ್ಲೇನ್ರಿ? ಕಾಂಕ್ರೀಟ್ ನಾಳೆ ಹಾಕ್ತೀವಿ."

"ಹಾಕಬ್ಯಾಡ್ರಿ! ಹೊಸಾ ನಕಾಶಿ ಬರೂತನಾ ಕಾಲಮ್ ಮುಟ್ಟಬ್ಯಾಡ್ರಿ. ಕಾಲಮ್ ಸರಳಿಗೆ ಸುತ್ತೂ ರಿಂಗ್ ಇನ್ನೂ ಒತ್ತೊತ್ತಾಗಿ ಕಟ್ಟಬೇಕು."

"ಆತ್ರಿ."

ಆಮ್ರಪಾಲಿ ಸೀಟಿಗೆ ಒರಗಿ ಉಸಿರು ಬಿಟ್ಟಳು. ವಿದ್ಯಾವತಿಗೂ ಯಾಕೋ ಹಗುರಾಯಿತು.

"ನಿಮ್ಮ ಮನ್ಯಾಗ ಅಮಾಸಿ ಮಾಡೂದಿಲ್ಲೇನವಾ?" ಗುರುಪಾದಯ್ಯ ಕೇಳಿದರು.

"ನಾವು ಹುಣ್ಣಿವಿ ಮಾಡ್ತೀವ್ರಿ ಸರ. ಇನ್ನ ಅಮಾಸೀನೂ ನೆನಪಿಡ್ತೀನಿ."

ತಿಕೋಟಾದಲ್ಲಿ ಎಂಜಿನಿಯರುಗಳಿಬ್ಬರೂ ಇಳಿದು, ಹೊಸ ನಕಾಶೆ ಮಾಡಲು, ವಿಜಯಪುರಕ್ಕೆ ಹೊರಟು ನಿಂತಿದ್ದ ಬಸ್ಸು ಹತ್ತಿದರು.