ಡಿಸ್ಕ್ ಬಿಡ್ತಾ ಇಲ್ಲ

ದೀಪ ಆರಿಸಬೇಡಿ, ಇರಲಿ. ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆಗಿದ್ದು. ನನಗಿಂತ ದೊಡ್ಡವಳು, ಅಕ್ಕ ಅಂತೀನಿ. ದೆವ್ವ ಅಂದ್ರೆ ಮೂಗು ಮುರಿಯೋಳು.

ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಅವಳಿಗೆ ಕೆಲಸ. ಅಲ್ಲಿನ ಕಂಪ್ಯೂಟರೆಲ್ಲ ಅವಳ ಸುಪರ್ದಿ. ಅವತ್ತು ಹೊರಡೋ ಹೊತ್ತಿಗೆ ತಡವಾಗಿತ್ತು. ದಾರೀಲಿ ಒಂದು ಹಾಳುಬಾವಿ, ಬಾಯಿಗೆ ಕಬ್ಬಿಣದ ಜಾಲರಿ. ಅದರ ಪಕ್ಕ ಬಂದಳು... ಫೋನು ಗುಂಯ್ ಅಂತು.

'ಡಿಸ್ಕ್ ಬಿಡಲಾಗುತ್ತಿಲ್ಲ. ಯಾರೋ ಬಳಸುತ್ತಿದ್ದಾರೆ.'

ಅವಳೇ ಹೊಸದಾಗಿ ಬರೆದ ಸ್ಕ್ರಿಪ್ಟ್ ಕಳಿಸಿದ ಮೆಸೇಜು. ಸ್ಕ್ರಿಪ್ಟ್ ಅಂದ್ರೆ ಕಂಪ್ಯೂಟರಿಗೆ ಸಾಲಾಗಿ ಬರೆದಿಟ್ಟ ಅಪ್ಪಣೆ. ರಾತ್ರಿ ಅದು ತಾನಾಗೇ ಎದ್ದು, ರೋಗಿಗಳ ಹಳೇ ಸ್ಕ್ಯಾನ್‌ಗಳನ್ನ ಬ್ಯಾಕಪ್ ಡಿಸ್ಕಿಗೆ ನಕಲು ಮಾಡಬೇಕು. ನಕಲಾದ ಮೇಲೆ ಆ ಡಿಸ್ಕನ್ನ ಬಿಡಬೇಕು, ಅಂದ್ರೆ ಸರ್ವರ್ ಜೊತೆಗಿನ ಅದರ ಸಂಪರ್ಕ ಕಳಚಬೇಕು. ಬಿಟ್ಟ ಮೇಲೆ ಸರ್ವರ್‌ನಲ್ಲಿರೋ ಮೂಲವನ್ನ ಅಳಿಸಬೇಕು. ಮೊನ್ನೆಯೂ, ನಿನ್ನೆಯೂ, ಡಿಸ್ಕ್ ಬಿಡೋ ಹೊತ್ತಿಗೇ ನಿಂತುಬಿಟ್ಟಿತ್ತು.

ಅಕ್ಕನಿಗೆ ಅನುಮಾನ ಅಲ್ಲಿ ಸ್ಕ್ಯಾನಿಂಗ್ ಮಷೀನ್ ನಡೆಸೋ ಆಪರೇಟರ್ ಮೇಲೆ. ಇಬ್ಬರದೂ ಎಣ್ಣೆ ಸೀಗೆಕಾಯಿ. ಇವತ್ತು ಕಳ್ಳನ್ನ ಹಿಡೀತೀನಿ ಅಂತ ವಾಪಸ್ ತಿರುಗಿದಳು.

ಬಾಗಿಲಲ್ಲಿ ವಾಚ್‌ಮನ್ ಎದ್ದು ನಿಂತ. ಅವಳನ್ನ ನೋಡಿ, ಸರ್ವರ್ ಕೋಣೆ ಕಡೆ ನೋಡಿದ.

"ಮೇಡಂ... ನೀವು ಒಳಗಿರಲಿಲ್ವಾ?"

"ಇಲ್ಲ. ಯಾಕೆ?"

"ಟೈಪ್ ಮಾಡೋ ಸದ್ದು ಬರ್ತಿದೆ. ನೀವೇ ಅಂದ್ಕೊಂಡೆ..."

ಅಕ್ಕ ಅಲ್ಲೇ ನಿಂತು ಆಪರೇಟರ್‌ಗೆ ಫೋನ್ ಮಾಡಿದಳು. ಪಿಸುದನಿ. "ಎಲ್ಲಿದ್ದೀಯ?"

"ಮನೇಲಿ ಮೇಡಂ." ಹಿಂದೆ ಮಗು ಅಳ್ತಾ ಇತ್ತು. "ಸರ್ವರ್ ಪಾಸ್‌ವರ್ಡ್ ನನಗೆ ಕೊಟ್ಟೇ ಇಲ್ವಲ್ಲ ನೀವು."

ನಿಜ. ಕೊಟ್ಟಿರಲಿಲ್ಲ.

ಬೀಗ ತೆಗೆದಳು. ಕತ್ತಲೆ. ಫ್ಯಾನು ಹೂಂ... ಅಂತಿತ್ತು. ಡಿಸ್ಕು ಟಿಕ್... ಟಿಕ್... ಕರ್ರ್. ದೀಪ ಹಾಕಿದಳು. ಯಾರೂ ಇಲ್ಲ. ಇನ್ನೊಂದು ಮಾತು... ಆ ಕೋಣೇಲಿ ಕೀಬೋರ್ಡೇ ಇಲ್ಲ. ಅವಳು ಯಾವಾಗಲೂ ತನ್ನ ಲ್ಯಾಪ್‌ಟಾಪ್‌ನಿಂದಲೇ ಕೆಲಸ ಮಾಡೋದು.

ಲ್ಯಾಪ್‌ಟಾಪ್ ತೆಗೆದು, ಡಿಸ್ಕನ್ನ ಹಿಡಿದಿರೋರು ಯಾರು ಅಂತ ಕೇಳಿದಳು. ಒಂದು ಹೆಸರು ಬಂತು. ಅವಳಿಗಿಂತ ಮೊದಲು ಆ ಕೆಲಸದಲ್ಲಿದ್ದ ಮುದುಕರದ್ದು. ಮಾತುಮಾತಿಗೆ "ಜೋಪಾನ" ಅಂತಿದ್ದರು, ಅದಕ್ಕೇ ಎಲ್ಲರ ಬಾಯಲ್ಲೂ ಜೋಪಾನ ಸರ್. ತಾನಾಗೇ ಓಡೋ ಯಾವುದನ್ನೂ ನಂಬದ ಮನುಷ್ಯ, ಬ್ಯಾಕಪ್ ಡಿಸ್ಕನ್ನೂ ದಿನಾ ಕೈಯಾರೆ ಕಿತ್ತಿಡೋರು. ಚಳಿಗಾಲದಲ್ಲಿ ತೀರಿಕೊಂಡಿದ್ದರು. ಅವರ ಹೆಸರನ್ನ ಸರ್ವರ್‌ನಿಂದ ತೆಗೆದುಹಾಕಿದ್ದೂ ಅಕ್ಕನೇ.

ಯಾರೋ ಅವರ ಹೆಸರಲ್ಲಿ ನುಗ್ಗಿದ್ದಾರೆ! ಹೊರದಬ್ಬೋಕೆ ಒಂದು ಸಾಲು ಸಾಕು. ಬರೆದಳು. ಎಂಟರ್ ಒತ್ತಬೇಕು...

ಟಿಕ್.

ಡಿಸ್ಕಿನ ಸದ್ದು ನಿಂತುಹೋಯ್ತು. ಅವಳ ಬೆರಳೂ ನಿಂತಿತು. ಅಷ್ಟು ಹೊತ್ತು ಇವರು ಅಲ್ಲಿ ನೋಡ್ತಿದ್ದಿದ್ದಾದ್ರೂ ಏನು? ಬ್ಯಾಕಪ್ ಡಿಸ್ಕಿನಲ್ಲಿ ಅವರ ಹೆಸರಲ್ಲಿ ತೆರೆದಿದ್ದ ಫೋಲ್ಡರನ್ನೇ ತೆಗೆದಳು.

ಸ್ಕ್ಯಾನ್‌ಗಳ ಹೆಸರೆಲ್ಲ ಸರಿಯಾಗಿದ್ದವು. ಒಳಗೆ... ಏನೂ ಇಲ್ಲ. ಪೊಳ್ಳು. ಬ್ಯಾಕಪ್ ಡಿಸ್ಕ್ ಎಂದೋ ತುಂಬಿಹೋಗಿತ್ತು. ನಕಲಾಯಿತಾ ಅಂತ ಪರೀಕ್ಷೆ ಮಾಡೋ ಸಾಲನ್ನ ಅಕ್ಕ ಬರೆದೇ ಇರಲಿಲ್ಲ. ಡಿಸ್ಕ್ ಬಿಟ್ಟುಕೊಂಡಿದ್ದರೆ ಮುಂದಿನ ಸಾಲು ಮೂಲವನ್ನೆಲ್ಲ ಗುಡಿಸಿ ಹಾಕ್ತಿತ್ತು. ಎಷ್ಟು ಜನರ ಎದೆ, ಎಷ್ಟು ಜನರ ತಲೆ... ಹೋಗ್ತಿತ್ತು.

ಸ್ಕ್ರಿಪ್ಟನ್ನ ಪೂರ್ತಿ ನಿಲ್ಲಿಸಿದಳು. ಮತ್ತೆ ನೋಡಿದರೆ ಆ ಹೆಸರು ಇಲ್ಲ. ಡಿಸ್ಕ್ ಈಗ ಯಾರ ಹಿಡಿತದಲ್ಲೂ ಇಲ್ಲ. ಅದನ್ನ ಮುಟ್ಟೋಕೂ ಧೈರ್ಯ ಬರಲಿಲ್ಲ. ಇದ್ದ ಹಾಗೇ ಬಿಟ್ಟು, ಬೀಗ ಜಡಿದು, ಕೀಲಿ ಮುಷ್ಟೀಲಿ ಹಿಡ್ಕೊಂಡೇ ಮನೆ ಸೇರಿದಳು. ಎರಡನೇ ಕೀಲಿ ಇಲ್ಲ ಆ ಕೋಣೆಗೆ.

ಬೆಳಿಗ್ಗೆ ಮೊದಲು ಹೋಗಿ ಬಾಗಿಲು ತೆಗೆದೋಳೂ ಅವಳೇ.

ಡಿಸ್ಕನ್ನ ಸರ್ವರ್‌ನಿಂದ ಕಿತ್ತು ಮೇಜಿನ ಮೇಲೆ ಇಟ್ಟಿತ್ತು. ಕೇಬಲ್ಲು ನೀಟಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿತ್ತು.

ನಗಬೇಡಿ. ಆ ರಬ್ಬರ್ ಬ್ಯಾಂಡನ್ನ ನಾನೇ ಕೈಯಲ್ಲಿ ಹಿಡಿದು ನೋಡಿದೀನಿ.