ಸ್ಕೀಯರ್ ಹೆಬ್ಬೆರಳು

...ಅಲ್ವೋ, ನನ್ನ ಮೂಳೆ ಮುರಿದಿರ್ಲಿಲ್ಲ, ಅದು ಗಟ್ಟಿಯಾಗೇ ಇತ್ತು. ಹರಿದಿದ್ದು ಲಿಗಮೆಂಟು. ಹೆಬ್ಬೆರಳ ಬುಡದಲ್ಲಿ, ಎಡಗಡೆ, ಅಲ್ಲಲ್ಲ, ತೋರುಬೆರಳಿನ ಕಡೆ, ಒಂದು ಪಟ್ಟಿ ಥರ ಇರತ್ತೆ, ಬೆರಳು ಆಚೆ ವಾಲದ ಹಾಗೆ ಹಿಡ್ಕೊಂಡಿರತ್ತೆ. ಅದು ಹೋಯ್ತೋ, ಹೆಬ್ಬೆರಳು ಕೀಲು ಕಿತ್ತ ಬಾಗಿಲು. ಒಂದು ಬೀಗದಕೈ ತಿರುಗಿಸೋಕಾಗಲ್ಲ, ಅನ್ನ ಕಲಸೋಕಾಗಲ್ಲ. ಎಲ್ಲಿದ್ದೆ? ಹಾಂ, ಅಮೆರಿಕದ ಜರ್ಮನ್‌ಟೌನ್. ತೊಂಬತ್ತರ ದಶಕ, ನಿಮ್ಮಪ್ಪ ಆಗ ಇಷ್ಟುದ್ದ. ನಿಮ್ಮ ತಾತ ಪ್ರಾಜೆಕ್ಟ್ ಮುಗಿದು, ಕೆಲಸ ಇಲ್ದೆ ಮನೇಲಿ ಕೂತಿದ್ರು. ನನಗೆ ಹೈವೇ ಪಕ್ಕದ ಒಂದು ಲ್ಯಾಬಲ್ಲಿ ಕೆಲಸ ಸಿಕ್ಕಿತ್ತು, ಜೀವನದಲ್ಲೇ ಮೊದಲನೇದು, ಇನ್ನೂ ಪರ್ಮನೆಂಟ್ ಆಗಿರ್ಲಿಲ್ಲ. ಏನ್ ಕೆಲಸ ಗೊತ್ತಾ, ಪಿಪೆಟ್ ಒತ್ತೋದು. ಹೆಬ್ಬೆರಳಲ್ಲಿ ಒತ್ತಿದ್ರೆ ಟ್ಯೂಬಿಗೆ ಒಂದು ತೊಟ್ಟು ಬೀಳತ್ತೆ. ದಿನವಿಡೀ ಒತ್ತು, ಬಿಡು, ಒತ್ತು, ಬಿಡು. ಅಂದ್ರೆ ಮನೆ ನಡೀತಿದ್ದಿದ್ದೇ ಈ ಹೆಬ್ಬೆರಳಿಂದ, ತಿಳೀತಾ?

ಆ ಚಳಿಗಾಲ ಪಕ್ಕದ ಬಿಲ್ಡಿಂಗಿನ ಸರೋಜಾ ಹೋಳಿಗೆಗೆ ಅಂತ ನನ್ನ ಲಟ್ಟಣಿಗೆ ಒಯ್ದವಳು ವಾಪಸ್ ಕೊಡ್ಲೇ ಇಲ್ಲ. ನಾನೇ ಹೋಗಿ ಇಸ್ಕೊಂಡು ಬರ್ತಿದ್ದೆ, ಸೀರೆ ಮೇಲೆ ತಾತನ ಜಾಕೆಟ್ಟು, ಸಾಕ್ಸ್ ಮೇಲೆ ಹವಾಯಿ ಚಪ್ಪಲಿ, ನಗಬೇಡ್ವೇ. ಪಾರ್ಕಿಂಗ್ ಲಾಟಲ್ಲಿ ಐಸು. ಸೊಯ್ ಅಂತ ಜಾರಿದೆ. ಲಟ್ಟಣಿಗೆ ಭದ್ರವಾಗಿ ಹಿಡ್ಕೊಂಡೇ ಬಿದ್ದೆ. ಅದಕ್ಕೊಂದು ಗೀರಿಲ್ಲ, ಅದರ ಹಿಡಿ ನನ್ನ ಹೆಬ್ಬೆರಳನ್ನೇ ಆಚೆ ಮೀಟಿ ಹಾಕಿತ್ತು. ಡಾಕ್ಟರ್ ಬೆರಳು ಹಿಡಿದು ಪಕ್ಕಕ್ಕೆ ವಾಲಿಸ್ದ, ಅದು ವಾಲ್ತಾನೇ ಇದೆ. "ಪೂರ್ತಿ ಹರಿದಿದೆ. ತುದಿ ಮಡಚ್ಕೊಂಡು ಹೊರಗೆ ಸಿಕ್ಕಿಹಾಕ್ಕೊಂಡಿದೆ, ತಾನಾಗೇ ಕೂಡಲ್ಲ, ಹೊಲೀಬೇಕು. ಇದಕ್ಕೆ ಸ್ಕೀಯರ್ಸ್ ಥಂಬ್ ಅಂತಾರೆ," ಅಂದ. ಹಿಮದ ಮೇಲೆ ಕೋಲು ಹಿಡಿದು ಜಾರೋರ ಹೆಬ್ಬೆರಳು ಅಂತ. ನಾನು, "ಡಾಕ್ಟ್ರೇ, ನಾನು ಸ್ಕೀ ಮಾಡಲ್ಲ." "ಹೆಸರು ಹಾಗಮ್ಮ. ಕೋಲು ಹಿಡ್ಕೊಂಡು ಬೀಳೋರಿಗೆಲ್ಲ ಹೀಗೇ ಆಗತ್ತೆ."

ಹೊಲಿಸ್ಕೊಂಡು, ಪ್ಲಾಸ್ಟರ್ ಹಾಕ್ಕೊಂಡು, ಕೆಲಸ ಹೋಯ್ತು ಅಂತ್ಲೇ ಬಾಸ್ ಹತ್ರ ಹೋದೆ. ಡೇಲ್ ಅಂತ, ಗಡಸು ಮನುಷ್ಯ, ನಗೋದೇ ಇಲ್ಲ, ರೂಮಿನ ತುಂಬ ಹಿಮದ ಬೆಟ್ಟದ ಫೋಟೋ. ಸ್ಕೀಯರ್ಸ್ ಥಂಬ್ ಅಂದಿದ್ದೇ ತಡ, ಎದ್ದು ನಿಂತ! "ನೀನು ಸ್ಕೀ ಮಾಡ್ತೀಯಾ? ಯಾವ ಬೆಟ್ಟ?" "ಬೆಟ್ಟ ಅಲ್ಲ, ಪಾರ್ಕಿಂಗ್ ಲಾಟು. ರೋಲಿಂಗ್ ಪಿನ್," ಅಂದೆ, ಲಟ್ಟಣಿಗೆಗೆ ಅಲ್ಲಿ ಹಾಗಂತಾರಲ್ಲ. "ರೋಲಿಂಗ್ ಪಿನ್! ಅದ್ಯಾವ ಸ್ಲೋಪು, ಕೊಲರಾಡೋದಲ್ಲಿರೋದಾ?" ಚಪಾತಿ ಅಂದೆ, ಸರೋಜಾ ಅಂದೆ, ಉಹೂಂ, ನಾನು ಹೇಳಿದಷ್ಟೂ ಅವನಿಗೆ ನಾನು ಭಾರೀ ವಿನಯವಂತೆ ಅಂತ ಕಾಣ್ತು. ಎಡಗೈಲಿ ಲೇಬಲ್ ಅಂಟಿಸೋ ಕೆಲಸ ಕೊಟ್ಟ. ಆಮೇಲೆ ಲ್ಯಾಬಿನವರೆಲ್ಲ ಪೆನ್ಸಿಲ್ವೇನಿಯಾಕ್ಕೆ ಸ್ಕೀ ಮಾಡೋಕೆ ಹೊರಟಾಗ ನನ್ನನ್ನೂ ಬಾ ಅಂದ. ಹೋದೆ. ಪ್ಲಾಸ್ಟರ್ ಕೈ, ಫ್ಲಾಸ್ಕಲ್ಲಿ ಕಾಫಿ, ಕೆಳಗೆ ಬೆಂಚ್ ಮೇಲೆ ಕೂತೆ. ಮೇಲಿಂದ ಡೇಲ್, "ನೋಡಿ ತಪ್ಪಿದ್ರೆ ಹೇಳೂ!" ಅಂತ ಕೂಗ್ತಾ ಇಳಿದ, ಕೋಲು ಬಿಡದೇ ಬಿದ್ದ, ಉರುಳಿ ನನ್ನ ಬೆಂಚಿನ ಹತ್ರಾನೇ ನಿಂತ. ಎಡಗೈ ಹೆಬ್ಬೆರಳು ಆಚೆ ವಾಲಿತ್ತು. ನೋಡಿದ ತಕ್ಷಣ, "ಡೇಲ್, ಇದು ಹೊಲೀಬೇಕು," ಅಂದೆ.

ಹೊಲಿದ್ರು ಕೂಡಾ. ಅವನ ಎಡಗೈ ಪ್ಲಾಸ್ಟರು, ನನ್ನ ಬಲಗೈ ಪ್ಲಾಸ್ಟರು. ಇಬ್ಬರಿಗೂ ಸೇರಿ ಒಂದು ಜೊತೆ ಕೈ! ನಾನು ಟ್ಯೂಬ್ ಹಿಡಿಯೋದು, ಅವನು ಪಿಪೆಟ್ ಒತ್ತೋದು. ನನ್ನ ಊಟದ ಡಬ್ಬಿ ನಾನು ಹಿಡ್ಕೋಬೇಕು, ಮುಚ್ಚಳ ಅವನು ತಿರುಗಿಸ್ಬೇಕು. ಹಾಗೆ ಪಕ್ಕಪಕ್ಕ ಕೂತಾಗ ನಿಧಾನವಾಗಿ, ರೋಲಿಂಗ್ ಪಿನ್ ಅಂದ್ರೆ ಬೆಟ್ಟ ಅಲ್ಲ, ಹಿಟ್ಟು ಲಟ್ಟಿಸೋ ಲಟ್ಟಣಿಗೆ ಅಂತ ಬಿಡಿಸಿ ಹೇಳ್ದೆ. ಪಿಪೆಟ್ ಕೆಳಗಿಟ್ಟ. "ಮತ್ತೆ ಸ್ಕೀಗ್ಯಾಕೆ ಬಂದೆ?" "ಬಾಸು ನೀವು, ಬಾ ಅಂದ್ರಿ, ಬಂದೆ." ಆಗ ನಕ್ಕ ನೋಡು, ಮೊದಲನೇ ಸಲ. ಪ್ಲಾಸ್ಟರ್ ಬಿಚ್ಚಿ ಹೆಬ್ಬೆರಳು ಒತ್ತೋಕೆ ಶುರು ಮಾಡೋ ಹೊತ್ತಿಗೆ ಕೆಲಸ ಪರ್ಮನೆಂಟ್ ಆಗಿತ್ತು. ಅದಕ್ಕೇ ಹೇಳೋದು, ಜಾರಿದ್ರೆ ಮೊದಲು ಕೈಲಿರೋದನ್ನ ಬಿಟ್ಬಿಡಿ, ಸಾಮಾನು ಅಂಗಡೀಲಿ ಇನ್ನೊಂದು ಸಿಗತ್ತೆ.