ಕೀರ ಮತ್ತು ಹಳದಿ ಲೋಳೆ

ಮೊಮ್ಮಗಳಿಗೆ ಜ್ವರವೆಂದು ಕೊಳ್ಳೇಗಾಲದ ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದ ನಿಂಗಾಜಮ್ಮನ ಪಕ್ಕದಲ್ಲೇ ಅಕ್ಕ ತಮ್ಮ ಜಗಳಕ್ಕೆ ನಿಂತಿದ್ದರು. ಅವರ ತಾಯಿಗೆ ರೇಷ್ಮೆ ಹುಳುಮನೆಯಲ್ಲಿ ಹಾವು ಕಚ್ಚಿ, ರಾಮಾಪುರದಿಂದ ಮೆಟಡೋರಿನಲ್ಲಿ ತಂದಿದ್ದರಂತೆ. ನಿಂಗಾಜಮ್ಮನ ಕಿವಿ ನೆಟ್ಟಗಾಯಿತು.

"ಹಿತ್ಲಲ್ಲಿದ್ದ ಮುಂಗುಸಿ, ಆ ಕೀರನ್ನ, ಯಾಕ್ಲಾ ಬಡ್ದು ಸಾಯಿಸ್ದೆ?"

"ಎರಡು ಕೋಳಿ ತಿಂದಿತ್ತು ಕಣಕ್ಕ."

"ಹಾವನ್ನೂ ತಿಂತಿತ್ತಲ್ಲೋ! ತಿಪ್ಪೆ ಮೇಲೆ ಬೂಷ್ಟಿನಂಗೆ ಬೆಳ್ದಿದ್ದ ಹಳದಿ ಲೋಳೆಗೆ ಮಾತ್ರ ಕುಂಕುಮ ಇಟ್ಟು ಕಾಯಿ ಒಡ್ದೆ."

"ಅದು ಮಾರಮ್ಮನ ಅರಿಸಿನ ಕಣಕ್ಕ. ಕಾಲಿಲ್ದೇ ಒಂದೇ ರಾತ್ರಿಗೆ ತಿಪ್ಪೆಯಿಂದ ಹುಳುಮನೆ ಗೋಡೆ ಗಂಟ ಬಂದಿತ್ತು."

"ಬಂದು ಏನ್ ಕಿತ್ತಾಕ್ತು? ಕೀರಕ್ಕೆ ಕಣ್ಣಿತ್ತು, ಬಾಯಿತ್ತು, ಮನೆ ಕಾಯ್ತಿತ್ತು. ಹಾವು ಒಳಕ್ಕೆ ಬಂದಾಗ ನಿನ್ನ ಅರಿಸಿನ ಗೋಡೆಗೆ ಅಂಟ್ಕಂಡೇ ಇತ್ತಲ್ಲ!"

"ಅಂಗನ್ಬ್ಯಾಡ ಕಣಕ್ಕ. ಬೆಳಿಗ್ಗೆ ಅದು ಒಣಗಿ ಪುಡಿಯಾಗಿತ್ತು. ಅವ್ವನ ಹಣೆಗೆ ಇಡನಾ ಅಂತ ಪೊಟ್ಣ ಕಟ್ಕಂಡು ಬಂದಿವ್ನಿ."

ನರ್ಸಮ್ಮ ಬಾಗಿಲಲ್ಲಿ ನಿಂತು ಅವರಿಬ್ಬರನ್ನೂ ಕರೆದಳು. ಅಕ್ಕ ಸೆರಗು ಬಿಗಿದು ಹೊರಟಳು.

"ಅದ ತಕಂಡು ಒಳಕ್ಕೆ ಕಾಲಿಟ್ಟು ನೋಡು. ಕೀರನ್ನ ಬಡ್ದ ದೊಣ್ಣೆ ಇನ್ನೂ ಮನೇಲೇ ಅದೆ."

ತಮ್ಮ ಪೊಟ್ಟಣವನ್ನು ಬೆಂಚಿನ ಮೇಲೇ ಬಿಟ್ಟು ಅವಳ ಹಿಂದೆ ಹೋದ. ನಿಂಗಾಜಮ್ಮ ಮೊಮ್ಮಗಳನ್ನು ಎತ್ತಿಕೊಂಡು ಆ ಪೊಟ್ಟಣದಿಂದ ದೂರ ಸರಿದು ಕೂತಳು.